ಐದು ಜೋಡಿ ಕಂಚಿನ ತಟ್ಟೆ

ಹುಣಸೆಹಣ್ಣು ಕಿವುಚಿ ಕಂಚಿಗೆ ಹಚ್ಚಿ ತಿಕ್ಕಿದರೆ ಒಂದು ವಾಸನೆ ಏಳುತ್ತದೆ. ಮೊದಲು ಹುಳಿ, ಅದರ ಹಿಂದೆಯೇ ನಾಲಿಗೆಯ ಬದಿಗೆ ಹತ್ತುವ ಲೋಹದ ಒಗರು. ದೇವರ ಸಾಮಾನು ತೊಳೆದವರಿಗೆಲ್ಲ ಅದು ಗೊತ್ತು. ನನಗೆ ಆ ವಾಸನೆ ಬಂದರೆ ಅಮೆರಿಕದ ರಾಲಿ ಊರಿನ ನಮ್ಮ ಮನೆಯ ಗರಾಜು ನೆನಪಾಗುತ್ತದೆ. ಅಲ್ಲಿ ನೀರಿನ ಕೊಳಾಯಿಯ ಪಕ್ಕ ಕೂತು ನಾನು ಮೊಮ್ಮಗಳು ಅಂಬಿಕಾಳ ಶಾಲೆಯ ಬ್ಯಾಂಡಿನ ಸಿಂಬಲ್ ತಿಕ್ಕುತ್ತಿದ್ದೆ. ಸಿಂಬಲ್ ಅಂದರೆ ಊಟದ ತಟ್ಟೆಗಿಂತ ದೊಡ್ಡದಾದ ಎರಡು ಕಂಚಿನ ತಾಳ. ಮಧ್ಯದಲ್ಲಿ ಕೈಗೆ ಸುತ್ತಿಕೊಳ್ಳಲು ಚರ್ಮದ ಪಟ್ಟಿ. ಚರ್ಮ ಮುಟ್ಟಿ ಆಮೇಲೆ ಸ್ನಾನ ಮಾಡುತ್ತಿದ್ದೆ. ಮೊದಲ ಸಲ ಹುಣಸೆ ಹಾಕಿ ತಿಕ್ಕಿದಾಗ ಕಂಪನಿಯ ಹೆಸರೇ ಅಳಿಸಿಹೋಯಿತು. "ಅಜ್ಜೀ! ಇದು ದೀಪ ಅಲ್ಲ!" ಎಂದು ಅಂಬಿ ಕೂಗಿದಳು. ಆಮೇಲೆ ಅದರ ಹೊಳಪನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪ್ರತಿ ಶನಿವಾರ ತಾನೇ ತಂದು ನನ್ನ ಮುಂದೆ ಇಡುತ್ತಿದ್ದಳು.

ಆ ಮನೆಯಲ್ಲಿ ನಾವು ನಾಲ್ಕೇ ಜನ. ನನ್ನ ಮಗಳು ಸರಸು, ಅಳಿಯ ಶ್ರೀಧರ, ಅಂಬಿ, ನಾನು. ಶ್ರೀಧರ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ವಿಜ್ಞಾನಿ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಮೃದಂಗ ಕಲಿತಿದ್ದರು, ಅನ್ನ ಕಲಸುವಾಗಲೂ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಶುಕ್ರವಾರ ಸಂಜೆ ಹೃದಯದ ಡಾಕ್ಟರು ನಾಗರಾಜ್ ಊಟಕ್ಕೆ ಬರುತ್ತಿದ್ದರು, ಅಂಬಿಗೆ ನಾಗರಾಜ್ ಅಂಕಲ್. ಅವರು ಬಂದರೆಂದರೆ ವಾದ. ಸಾರಿನ ಒಗ್ಗರಣೆಯ ಇಂಗು, ಕಿಟಕಿಯ ಆಚೆಯ ಪೈನ್ ಮರಗಳ ಅಂಟಿನ ಕಂಪು, ಅದರ ನಡುವೆ ಗಂಡಸರ ಗಟ್ಟಿ ದನಿ. ನೀವೂ ಅಂಥ ಊಟದ ಮೇಜಿನ ಸುತ್ತ ಕೂತು ಬಂದವರಾದರೆ ನಾನು ಹೆಚ್ಚು ಹೇಳಬೇಕಿಲ್ಲ. ಈಗ ಆ ಮೇಜು ಯಾರ ಮನೆಯಲ್ಲಿದೆಯೋ.

ಅಂಬಿಗೆ ಹದಿನಾರು ತುಂಬಿದ ವರ್ಷ ಡ್ರಮ್ ಕೋರ್ ಎಂಬುದು ಮನೆಯೊಳಗೆ ಬಂತು. ಶಾಲೆಯ ಬ್ಯಾಂಡಿನ ಹಾಗೆಯೇ, ಆದರೆ ಅದಕ್ಕಿಂತ ಹುಚ್ಚು. ಕಹಳೆ, ಡ್ರಮ್ಮು, ಬಾವುಟ ಹಿಡಿದು ದೊಡ್ಡದೊಂದು ಗುಂಪು ಫುಟ್‌ಬಾಲ್ ಮೈದಾನದ ಮೇಲೆ ಓಡುತ್ತಾ, ಹಿಂದು ಹಿಂದಕ್ಕೆ ನಡೆಯುತ್ತಾ ಬಾರಿಸಬೇಕು. ಬೇಸಿಗೆಯೆಲ್ಲ ಬಸ್ಸಿನಲ್ಲಿ ಊರೂರು ಸುತ್ತಿ, ಶಾಲೆಗಳ ನೆಲದ ಮೇಲೆ ಮಲಗಿ, ಬೇರೆ ಗುಂಪುಗಳ ಜೊತೆ ಸ್ಪರ್ಧೆ. ಅಂಥ ಒಂದು ಗುಂಪಿನ ಐದು ಸಿಂಬಲ್‌ಗಳಲ್ಲಿ ಅಂಬಿಗೆ ಒಂದು ಜಾಗ ಸಿಕ್ಕಿತು. ಅಪ್ಪನ ಒಪ್ಪಿಗೆ ಬೇಕು, ಅಷ್ಟೇ.

"ಎರಡು ತಟ್ಟೆ ಬಡಿಯೋಕೆ ಒಂದು ಇಡೀ ಸಮ್ಮರ್ ಬೇಕೇನೇ?" ಎಂದರು ಶ್ರೀಧರ.

"ಇಟ್ಸ್ ಹಾರ್ಡ್, ಅಪ್ಪಾ."

"ಹಾರ್ಡ್ ಅಂದ್ರೆ? ಡಿಫೈನ್ ಮಾಡು. ಆ ಡ್ರಮ್ ಹುಡುಗ್ರು ಕಣ್ಣು ಮಿಟುಕಿಸೋದ್ರಲ್ಲಿ ಎಷ್ಟು ಏಟು ಹಾಕ್ತಾರೆ, ಅದು ಕಷ್ಟ. ನಿಂದು ಆವರ್ತಕ್ಕೆ ಒಂದು ಏಟು. ಕಷ್ಟ ಇಲ್ಲದ್ದನ್ನ ಕಲಿಯೋಕೆ ಯಾಕೆ ಹೋಗ್ಬೇಕು?"

ನಾಗರಾಜ್ ಹಪ್ಪಳ ಮುರಿದರು. "ಶ್ರೀಧರ, ಏಟು ಎಣಿಸ್ಬೇಡವೋ. ಅವರು ಓಡ್ಕೊಂಡು ಬಾರಿಸ್ಬೇಕು. ನೀನು ಮೃದಂಗ ಹೊಟ್ಟೆಗೆ ಕಟ್ಕೊಂಡು ನಿಮ್ಮ ಡ್ರೈವ್‌ವೇ ಹತ್ತು ನೋಡೋಣ. ಮೇಲೆ ಸ್ಟೆತಸ್ಕೋಪ್ ಹಿಡ್ಕೊಂಡು ನಿಂತಿರ್ತೀನಿ."

"ಆ ಬಿಸಿಲಲ್ಲಿ ಕುತ್ತಿಗೆವರೆಗೂ ಗುಂಡಿ ಹಾಕ್ಕೊಂಡು ನಿಲ್ಲೋದೇ ಕಷ್ಟ" ಎಂದೆ ನಾನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಬಿ ಚಮಚ ಕೆಳಗಿಟ್ಟಳು. "ನೋ. ಕೇಳಬಾರದು, ಅದು ಕಷ್ಟ. ಫೀಲ್ಡ್ ದೊಡ್ಡದು. ಆ ಕಡೆಯವರ ಸೌಂಡ್ ಲೇಟಾಗಿ ಬರತ್ತೆ. ಕೇಳಿಕೊಂಡು ಬಾರಿಸಿದ್ರೆ ನಾನೂ ಲೇಟ್. ಸೋ ಕಿವಿ ಬಿಟ್ಟು, ಮುಂದೆ ನಿಂತು ಬೀಟ್ ತೋರಿಸೋ ಕಂಡಕ್ಟರ್ ಕೈ ಮಾತ್ರ ನೋಡಬೇಕು."

"ಕಿವಿ ಬಿಟ್ಟು ಸಂಗೀತವೇನೇ? ನಮ್ಮ ಮೇಷ್ಟ್ರು ಇದ್ದಿದ್ರೆ ಕಾಲಲ್ಲಿರೋದು ಕೈಗೆ ಬರ್ತಿತ್ತು!"

"ದೆನ್ ಟ್ರೈ ಮಾಡು, ಅಪ್ಪಾ."

ಭಾನುವಾರ ಅವಳ ಶಾಲೆಯ ಮೈದಾನಕ್ಕೆ ಹೋದೆವು. ಸರಸು ಮೆಟ್ಟಿಲ ಮೇಲೆ ತೀರ್ಪುಗಾರಳಾಗಿ ಕೂತಳು. ನಾನು ಈ ತುದಿ, ನಾಗರಾಜ್ ನಡುವೆ, ಶ್ರೀಧರ ಆ ತುದಿ, ಎಲ್ಲರ ಕೈಯಲ್ಲೂ ನನ್ನ ಅಡುಗೆಮನೆಯ ಸ್ಟೀಲಿನ ಮುಚ್ಚಳ. ಅಂಬಿ ಒಂದು ಬೆಂಚಿನ ಮೇಲೆ ನಿಂತು ಕೈ ಇಳಿಸಿದಾಗ ಎಲ್ಲರೂ ಒಟ್ಟಿಗೆ ಬಡಿಯಬೇಕು. ನಾನು ಹುಡುಗಿಯ ಕೈ ನೋಡಿದೆ, ಬಡಿದೆ. ನನಗೆ ತಾಳ ಗೀಳ ಗೊತ್ತಿಲ್ಲ, ಆದ್ದರಿಂದ ತೊಂದರೆಯಿರಲಿಲ್ಲ. ಶ್ರೀಧರ ಪ್ರತಿ ಸಲ ಹಿಂದೆ ಬಿದ್ದರು. ಅವರ ಕಿವಿಗೆ ನನ್ನ ಮುಚ್ಚಳದ ಸದ್ದು ತಡವಾಗಿ ಬರುತ್ತಿತ್ತು, ಕೈ ಅದಕ್ಕಾಗಿ ಕಾಯುತ್ತಿತ್ತು.

"ಅತ್ತೇ, ನೀವು ಲೇಟು!" ಎಂದು ಆ ತುದಿಯಿಂದ ಕೂಗಿದರು.

"ನಾನ್ಯಾಕೆ ಲೇಟಾಗ್ಲಿ? ನಿಮ್ಮ ಕೈ ನೋಡ್ಕೊಳ್ಳಿ!"

"ರೀ, ನೀವೇ ಲೇಟು!" ಸರಸು ಮೆಟ್ಟಿಲಿನಿಂದ ಕೂಗಿದಳು.

ಶಬ್ದ ಎಷ್ಟು ವೇಗದಲ್ಲಿ ಬರುತ್ತದೆಂದು ಶ್ರೀಧರರೇ ಬರುವಾಗ ಕಾರಿನಲ್ಲಿ ಬಾಯಿಲೆಕ್ಕ ಹೇಳಿದ್ದರು. ಲೆಕ್ಕ ಬಂತು, ಕೈ ಬರಲಿಲ್ಲ. ಬೆವರು ಒರೆಸಿಕೊಂಡು, ಮುಖ ಗಂಟು ಹಾಕಿಕೊಂಡು, ಕೊನೆಗೆ ಹೇಳಿದರು: "ಸರಿ. ಈ ಒಂದು ಸಮ್ಮರ್ ಹೋಗು. ಅಟ್ಲಾಂಟಾ ಶೋಗೆ ನಾವೆಲ್ಲ ಬರ್ತೀವಿ. ಅಲ್ಲಿ ಕೂತು ನೋಡಿದಾಗ ನಂಗೆ ಸುಲಭ ಅನ್ನಿಸಿದ್ರೆ, ಮುಂದಿನ ವರ್ಷ ಇಲ್ಲ."

"ಡೀಲ್" ಎಂದಳು ಮೂರ್ಖ ಹುಡುಗಿ, ಅಷ್ಟು ಬೇಗ.

ಆ ಬೇಸಿಗೆ ಅಂಬಿ ಹೊರಟಳು. ಅವಳು ಬಸ್ಸು ನಿಂತ ಕಡೆಯಿಂದ ಫೋನ್ ಮಾಡುತ್ತಿದ್ದಳು. ಒಂದು ದಿನ ಕಾಲಿನ ಉಗುರು ಹೋಯಿತು ಎಂದಳು, ಇನ್ನೊಂದು ದಿನ ಪಕ್ಕದ ಹುಡುಗ ಬಿಸಿಲಿಗೆ ತಲೆ ತಿರುಗಿ ಬಿದ್ದ ಎಂದಳು. ಹಿಂದಕ್ಕೆ ನಡೆಯುವಾಗ ಹಿಂದೆ ನೋಡುವುದಿಲ್ಲವೇ ಎಂದು ಕೇಳಿದೆ. "ನೋ ಅಜ್ಜಿ, ನೋಡಬಾರದು" ಎಂದಳು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು. ಫೋನಿನ ಪಕ್ಕದ ಕುರ್ಚಿಯಲ್ಲೇ ಕೂತು ಅವರೆಕಾಳಿನ ಸಿಪ್ಪೆ ಹಿಸುಕುತ್ತಿದ್ದೆ, ಅದೂ ಅಂಗಡಿಯ ಫ್ರೋಜನ್ ಕಾಳು, ಹಿಸುಕಿದರೆ ನೀರು.

ಅಟ್ಲಾಂಟಾಕ್ಕೆ ಕಾರಿನಲ್ಲಿ ಹೊರಟಾಗ, ಸೌತ್ ಕೆರೊಲಿನಾದಲ್ಲಿ ರಸ್ತೆಯ ಬದಿ ಪೀಚ್ ಹಣ್ಣು ಮಾರುವ ಕಡೆ ನಿಲ್ಲಿಸಿದ್ದರು. ಅಲ್ಲಿ ಹಣ್ಣು ಕೈಯಲ್ಲಿ ಹಿಡಿದಾಗ ನನಗೆ ಹೊಳೆಯಿತು. ಹುಡುಗಿ ಸರಿಯಾಗಿ ಬಾರಿಸಿದರೆ ಕೇಳುವವರಿಗೆ ಸುಲಭವೆನ್ನಿಸುತ್ತದೆ, ಅಪ್ಪ ಬೇಡ ಎನ್ನುತ್ತಾರೆ. ತಪ್ಪಿದರೆ ಕಷ್ಟವೆಂದು ಅಪ್ಪನಿಗೆ ತಿಳಿಯುತ್ತದೆ, ಆದರೆ ಇಡೀ ಗುಂಪಿನ ಮುಂದೆ ಅವಳ ಮಾನ ಹೋಗುತ್ತದೆ. ದೇವರನ್ನು ಏನೆಂದು ಬೇಡಲಿ? ಸರಸುಗೆ ಹೇಳಿದೆ. ಅವಳು ಹಣ್ಣು ಕಚ್ಚಿದವಳು ಹಾಗೇ ನಿಂತಳು. "ಅಮ್ಮಾ, ಸುಮ್ನಿರು. ಅವರಿಗೆ ಕೇಳ್ಸತ್ತೆ."

ಕ್ರೀಡಾಂಗಣದಲ್ಲಿ ನಾವು ಮೇಲಿನ ಸಾಲಿನಲ್ಲಿ ಕೂತೆವು. ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ, ಕಾದ ಸಿಮೆಂಟಿನ ವಾಸನೆ. ಅಂಬಿಯ ಗುಂಪು ಬಂದಾಗ ಯಾರು ಯಾರೆಂದು ತಿಳಿಯಲಿಲ್ಲ, ಎಲ್ಲರಿಗೂ ಒಂದೇ ಬಟ್ಟೆ, ಒಂದೇ ಗರಿಯ ಟೋಪಿ, ಮುಖಕ್ಕೆಲ್ಲ ನೆರಳು. ಶ್ರೀಧರರ ಕೈ ತೊಡೆಯ ಮೇಲೆ ತಾಳ ಹಿಡಿದಿತ್ತು. ನಡುವೆ ಒಂದು ಜಾಗ ಬಂತು, ಕಹಳೆಗಳೆಲ್ಲ ನಿಂತವು, ಡ್ರಮ್ಮುಗಳೂ ನಿಂತವು. ಐದು ಸಿಂಬಲ್‌ಗಳು ಮೈದಾನದ ಉದ್ದಕ್ಕೂ ದೂರ ದೂರ ಹರಡಿಕೊಂಡು, ಹಿಂದಕ್ಕೆ ನಡೆಯುತ್ತಾ, ಒಬ್ಬರಾದ ಮೇಲೆ ಒಬ್ಬರು ಒಂದೊಂದೇ ಏಟು ಹಾಕಬೇಕು. ಅಷ್ಟು ಜನರ ಎದುರು ಆ ಮೌನ. ನಾನು ಸೆರಗನ್ನು ಬಾಯಿಗೆ ತುಂಬಿಕೊಂಡೆ. ಈ ತುದಿಯಿಂದ ಆ ತುದಿಗೆ ದೀಪದ ಬೆಳಕು ಒಂದೊಂದು ತಟ್ಟೆಯ ಮೇಲೆ ಹೊಳೆದು ಹೋಯಿತು, ಸದ್ದು ಒಂದೇ ಕೈಯಿಂದ ಚೆಲ್ಲಿದ ಹಾಗೆ ಉರುಳಿತು. ಮುಗಿಯಿತು. ಕಹಳೆಗಳು ಮತ್ತೆ ಎದ್ದವು. ನಾನು ಶ್ರೀಧರರ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಬಸ್ಸುಗಳ ಹತ್ತಿರ ಅಂಬಿ ಓಡಿ ಬಂದಳು. ಬಿಸಿಲಿಗೆ ಸುಟ್ಟ ಮೂಗು, ಕೂದಲಿನಿಂದ ಬೆವರು ಸುರಿಯುತ್ತಿತ್ತು. ನಗಲಿಲ್ಲ, ಅಪ್ಪನ ಎದುರು ನಿಂತಳು. "ವೆಲ್? ಸುಲಭಾನಾ?"

ಶ್ರೀಧರ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ಅದೇನೋ ಗೊತ್ತಿಲ್ಲ ಮರಿ. ನಿಂದು ಯಾವುದು ಅಂತಾನೇ ಗೊತ್ತಾಗ್ಲಿಲ್ಲ."

ಹುಡುಗಿ ಈಗ ಅಳುತ್ತಾಳೆ ಎಂದುಕೊಂಡೆ. ಆದರೆ ಅವಳು ಕಿರುಚಿ ಅವರನ್ನು ಅಪ್ಪಿಕೊಂಡಳು, ಬೆವರೆಲ್ಲ ಅವರ ಇಸ್ತ್ರಿ ಅಂಗಿಗೆ. "ದಟ್ಸ್ ಇಟ್, ಅಪ್ಪಾ! ಗೊತ್ತಾಗಬಾರದು! ದಟ್ಸ್ ದ ಹೋಲ್ ಥಿಂಗ್!"

ಅವರು ತಬ್ಬಿಬ್ಬಾಗಿ ನನ್ನ ಕಡೆ ನೋಡಿದರು. ಆಮೇಲೆ ಸೋತವರ ದನಿಯಲ್ಲಿ, "ಸರಿ ಹೋಗು, ಮುಂದಿನ ವರ್ಷನೂ ಹೋಗು. ನಿಂದು ಯಾವುದು ಅಂತ ಗೊತ್ತಾಗೋವರೆಗೂ ನಾನೂ ಬರ್ತೀನಿ" ಎಂದರು.

ಪ್ರತಿ ಬೇಸಿಗೆಯೂ ಬಂದರು. ಪ್ರತಿ ಸಲವೂ ಕೂತು, ಕಣ್ಣು ಕಿರಿದು ಮಾಡಿ, ಗೊತ್ತಾಗಲಿಲ್ಲ ಎಂದು ತಲೆ ಕೊಡವಿ ಎದ್ದರು. ಅಂಬಿಯ ಕೊನೆಯ ವರ್ಷದ ಹೊತ್ತಿಗೆ ಹೃದಯದ ಆಪರೇಷನ್ ಎಂದು ಶ್ರೀಧರರ ಎದೆಗೆ ಕತ್ತರಿ ಬಿದ್ದಾಗಿತ್ತು. ಆ ಮೆಟ್ಟಿಲು ಹತ್ತಬೇಡ ಎಂದು ನಾಗರಾಜ್ ಬೈದಿದ್ದರು, ಬೈದವರೇ ತೋಳು ಹಿಡಿದು ಹತ್ತಿಸಿದರು. ಅಂಬಿ ಹಿಂದಿನ ದಿನ ಫೋನಿನಲ್ಲಿ ನನಗೊಬ್ಬಳಿಗೇ ಹೇಳಿದ್ದಳು: ಈ ಸಲ ನಾನು ಕೊನೇಲಿ, ಐದನೇದು, ಅಜ್ಜಿ. ಆ ಮೌನದ ಜಾಗ ಬಂತು. ತಟ್ಟೆಗಳು ಒಂದೊಂದಾಗಿ ಹೊಳೆದವು. ಶ್ರೀಧರ ಒಮ್ಮೆಲೇ ಎದ್ದು ನಿಂತು ನನ್ನ ಮಣಿಕಟ್ಟು ಹಿಡಿದರು. ಕೈ ತಣ್ಣಗಿತ್ತು.

"ಅತ್ತೇ, ಮೂರನೇದು! ಮೂರನೇದು ನಮ್ಮ ಅಂಬಿ! ಗೊತ್ತಾಯ್ತು ನೋಡಿ!"

ಅಲ್ಲ ಎನ್ನಲು ನನ್ನ ಬಾಯಿ ತೆರೆಯಿತು. ನಾನು ಯಾರಿಗೂ ಸುಳ್ಳು ಹೊಗಳಿಕೆ ಹೇಳಿದವಳಲ್ಲ. ಆ ಮುಖ ನೋಡಿ ಮುಚ್ಚಿಕೊಂಡೆ. ಬಸ್ಸಿನ ಹತ್ತಿರ ಅವರು ಅದನ್ನೇ ಹೇಳಿದಾಗ ಅಂಬಿ ಅವರ ಭುಜದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದಳು.

"ಹೌದಪ್ಪಾ" ಎಂದಳು. "ಮೂರನೇದೇ."

ಆ ಚಳಿಗಾಲ ಶ್ರೀಧರ ಹೋದರು. ಮನೆ ಮಾರಿದೆವು. ನಾಗರಾಜ್ ಮಗನ ಊರಿಗೆ ಹೋದರು, ಸರಸುವಿನ ಕೂದಲು ಬೆಳ್ಳಗಾಯಿತು. ನಾನೀಗ ಕ್ಲಾರ್ಕ್ಸ್‌ಬರ್ಗಿನಲ್ಲಿ ಅಂಬಿಯ ಮನೆಯಲ್ಲಿದ್ದೇನೆ. ಅವಳ ಮಕ್ಕಳಿಗೆ ತಾತ ಒಂದು ಫೋಟೋ. ಅಂಬಿಯನ್ನು ನಾನು ಆ ವಿಷಯ ಕೇಳಿಲ್ಲ, ಅವಳೂ ಎತ್ತಿಲ್ಲ. ನಾನು ಒಮ್ಮೊಮ್ಮೆ ಯೋಚಿಸುವುದು ಇನ್ನೊಂದನ್ನು. ಆ ಸಂಜೆ ಮೂರನೆಯ ತಟ್ಟೆ ಹಿಡಿದಿದ್ದ ಮಗು ಯಾರದೋ, ಈಗ ಎಲ್ಲಿದೆಯೋ. ಅಷ್ಟು ದೂರದಲ್ಲಿ, ಮೇಲಿನ ಸಾಲಿನಲ್ಲಿ, ಒಬ್ಬ ತಂದೆ ತನಗಾಗಿ ಎದ್ದು ನಿಂತಿದ್ದ ಎಂದು ಅದಕ್ಕೆ ಗೊತ್ತೇ ಇಲ್ಲ.