ಅಡುಗೆಮನೆಯಲ್ಲಿ ಮಿಂಟ್ ಜೂಲೆಪ್

ಕಳೆದ ಭಾನುವಾರ ಮಧ್ಯಾಹ್ನ ಟವೆಲಿನಲ್ಲಿ ಐಸ್ ಸುತ್ತಿ ಲಟ್ಟಣಿಗೆಯಿಂದ ಬಡಿಯುತ್ತಿದ್ದೆ. ಸದ್ದು ಕೇಳಿ ಯಜಮಾನರು ಓಡಿ ಬಂದರು. ಯಾರಿಗೆ ಪೆಟ್ಟಾಯಿತೆಂದು ನೋಡಲು.

ಯಾರಿಗೂ ಇಲ್ಲ. ನಾನು ಮಿಂಟ್ ಜೂಲೆಪ್ ಮಾಡುತ್ತಿದ್ದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪುದೀನ, ಸಕ್ಕರೆ, ಪುಡಿ ಐಸ್, ಮೇಲೆ ಬರ್ಬನ್. (ಬರ್ಬನ್ ಅಂದರೆ ಮೆಕ್ಕೆಜೋಳದ ವಿಸ್ಕಿ. ಶಿಕಾರಿಪುರದ ಮೆಕ್ಕೆಜೋಳ ಬೆಳೆಗಾರರು ಇದನ್ನು ಓದಿಯೂ ಸುಮ್ಮನೆ ಮಾರ್ಕೆಟ್ಟಿಗೇ ಹೋಗಬೇಕಾಗಿ ವಿನಂತಿ.) ಬೆಳ್ಳಿ ಲೋಟ ಶ್ರೇಷ್ಠವಂತೆ. ನಮ್ಮನೆಯ ಬೆಳ್ಳಿ ಲೋಟ ದೇವರ ಮುಂದಿದೆ. ಅವನನ್ನೇಕೆ ಕೆಣಕುವುದು? ಸ್ಟೀಲೇ ಸಾಕು.

ಬಾಟಲಿ ಇವರದೇ. ಗೆಳೆಯರೊಬ್ಬರು ಕೊಟ್ಟಿದ್ದನ್ನು ಬೀರುವಿನಲ್ಲಿ ಶರ್ಟುಗಳ ಹಿಂದೆ ಬಚ್ಚಿಟ್ಟಿದ್ದರು. ಆ ಶರ್ಟುಗಳನ್ನು ಮಡಚಿಡುವವಳು ಯಾರು ಅನ್ನುವುದು ಹೊಳೆದಿರಲಿಲ್ಲ, ಪಾಪ.

“ಯಾರಿಗಿದು?”

“ನನಗೆ.”

“ನಿನಗಾ? ಅವ್ವ ಒಳಗದಾಳೆ. ಮನೆ ಮರ್ಯಾದೆ ಅಂತ ಒಂದಿರ್ತದೆ ಕಣೆ,” ಎಂದು ಪಿಸುಗುಟ್ಟಿ, ಮೊದಲು ಕಿಟಕಿ ಮುಚ್ಚಿದರು.

ಅಷ್ಟರಲ್ಲಿ ಅತ್ತೆ ಬಂದೇಬಿಟ್ಟರು. ಸೊರಬದ ಕಡೆಯವರು, ಮೂಗು ಬಲು ಚುರುಕು. “ಎಂತದೇ ಅದು, ಘಾಟು?”

ಪುದೀನ ಪಾನಕ ಎನ್ನಬಹುದಿತ್ತು. ನನಗೂ ಒಂದು ಲೋಟ ಕೊಡೆ ಅಂದುಬಿಟ್ಟರೆ?

“ವಿಸ್ಕಿ, ಅತ್ತೆ. ನಿಮ್ಮ ಮಗಂದು.”

ಅತ್ತೆ ಮಗನ ಕಡೆ ತಿರುಗಿದರು. ಮಗ ಫ್ಯಾನಿನ ಕಡೆ.

“ಸೊರಬದಾಗೆ ಕೆಲಸ ಐತೆ ಅಂತ ಹೋಗಿ ಬಂದಾಗೆಲ್ಲ ಬಾಯಾಗೆ ಏಲಕ್ಕಿ ವಾಸನೆ ಬರ್ತಿತ್ತಲ್ಲೋ. ಇದಕ್ಕೇನೋ? ನಿನಗೆ ಏಲಕ್ಕಿ ಅಂದ್ರೆ ಪ್ರಾಣ ಅಂದ್ಕಂಡು ಪಾಯಸಕ್ಕೆಲ್ಲ ಜಾಸ್ತಿ ಹಾಕ್ತಿದ್ನಲ್ಲೋ.”

ನಗು ಬಂತು, ನಗಲಿಲ್ಲ. ಮುಂದಿನ ಸರದಿ ನನ್ನದಲ್ಲವೇ? ಲೋಟವನ್ನು ಸಿಂಕಿನ ಕಡೆ ಸರಿಸಿದೆ.

“ಇಷ್ಟು ಸಕ್ಕರೆ ಹಾಕಿ ಚೆಲ್ತಾರೇನೆ? ಹೊರಗೆ ಕೂತು ಕುಡಿ, ಹೋಗು,” ಅಂದರು ಅತ್ತೆ. “ಸಾರಿಗೆ ಒಗ್ಗರಣೆ ಅವನು ಹಾಕ್ತಾನೆ.”

ಸೊಸೆಯಾಗಿ ಬಂದ ಮೇಲೆ ಅಡುಗೆ ಮುಗಿಯುವ ಮೊದಲು ನಡುಮನೆಯ ಸೋಫಾದಲ್ಲಿ ಕೂತ ನೆನಪೇ ನನಗಿಲ್ಲ. ಕೂತೆ. ಅತ್ತೆ ಎದುರಿಗೇ ಕೂತು, ನನ್ನ ಮುಖ ಹೇಗೆ ಸೊಟ್ಟಗಾಗುತ್ತದೆಂದು ಮಜವಾಗಿ ನೋಡಿದರು. ಒಳಗೆ ಸಾಸಿವೆ ಸೀಯುವ ವಾಸನೆ. ನಾವಿಬ್ಬರೂ ಏಳಲಿಲ್ಲ.

ರುಚಿ ಹೇಗಿತ್ತು ಅಂತೀರಾ? ಕೆಮ್ಮಿನ ಔಷಧಿಗೆ ಪುದೀನ ಹಾಕಿದ ಹಾಗೆ. ಇನ್ನು ಮುಟ್ಟುವುದಿಲ್ಲ.

ಆದರೆ ಬೇಡ ಎನ್ನುವುದಕ್ಕೂ ಮೊದಲು ನನ್ನ ನಾಲಿಗೆಯನ್ನು ಒಂದು ಮಾತು ಕೇಳಬೇಕಲ್ಲವೇ?