ಅಣ್ಣನ ಊರಿನ ಹೊಳೆ

ನನ್ನ ತವರು ಕಾಗಿಣಾ ನದಿಯ ಆಚೆ ದಂಡೆ, ಸೇಡಂ ಕಡೆಯ ಬೋಳು ಗುಡ್ಡಗಳಲ್ಲಿ. ಕೊಟ್ಟ ಊರು ಈಚೆ ದಂಡೆ, ಎರಡು ಹರದಾರಿ ಕೆಳಗೆ, ಚಿತ್ತಾಪುರದ ಕಡೆ. ಆಗ ನಿಜಾಮರ ಕಾಲ, ನಡುವೆ ಸೇತುವೆ ಇರಲಿಲ್ಲ. ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣನೇ ಬರಬೇಕು. ಕರೆಯದೆ ಹೋಗುವ ಪದ್ಧತಿಯಿಲ್ಲ. ಅವ್ವ ತೀರಿದ ಮೇಲೆ ಅವನು ಬರಲಿಲ್ಲ. ಪ್ರತಿ ವರ್ಷ ತಮ್ಮೂರಿಂದ ಸಂತೆಗೆ ಬಂದವರ ಕೈಲಿ, "ಹೊಳಿ ಭಾಳ ಬಂದದ, ಗಾಡಿ ದಾಟಂಗಿಲ್ಲ" ಎಂದು ಹೇಳಿಕಳಿಸುತ್ತಿದ್ದ. ಹಾಗಾದರೆ ಸಂತೆಯವರು ಹೇಗೆ ದಾಟಿದರು ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಮೂರನೆಯ ವರ್ಷ.

ನಮ್ಮೂರ ಬಳಿ ಹೊಳೆ ಸದಾ ತುಂಬಿದ ಮಡು, ಅಲ್ಲಿ ನೋಡಿದರೆ ತಿಳಿಯದು. ಅವತ್ತು ಗಾಡಿ ದಾಟುವ ಕಡೆ ಹೊಳೆ ನೋಡಿ ಬರುತ್ತೇನೆಂದು ಅತ್ತೆಗೆ ಹೇಳಿ, ದಂಡೆ ಹಿಡಿದು ಮೇಲಕ್ಕೆ ನಡೆದೆ. ಕರಿಮಣ್ಣಿನ ಹೊಲಗಳು ಮುಗಿದು ಹಾಸುಗಲ್ಲು ಬಂತು, ಜಾಲಿ ಬಂತು, ಕೊನೆಗೆ ತವರಿನವರು ಗಾಡಿ ದಾಟಿಸುವ ಜಾಗ ಬಂತು. ನಡುಹೊಳೆಯಲ್ಲಿ ಕುರಿಗಳು ನಿಂತು ನೀರು ಕುಡಿಯುತ್ತಿದ್ದವು. ಅವುಗಳ ಮೊಣಕಾಲೂ ಮುಳುಗಿರಲಿಲ್ಲ.

ಕುರಿ ಕಾಯುವ ಮುದುಕ ನನ್ನ ಗುರುತು ಹಿಡಿದ. "ಈ ವರ್ಷ ಹೊಳಿ ಎಲ್ಲಿ ಬಂದದವ್ವಾ? ನಿನ್ನೆ ನಿಮ್ಮಣ್ಣ ಇದೇ ನೀರಾಗ ಗಾಡಿ ಹೊಡ್ಕೊಂಡು ಹೋಗಿ, ಹೆಂಡ್ತಿನ್ನ ಆಕಿ ತವರಿಗೆ ಬಿಟ್ಟು ಬಂದಾನ."

ಒದ್ದೆ ಮಣ್ಣಿನಲ್ಲಿ ಗಾಲಿಯ ಗೆರೆ ಇನ್ನೂ ಇತ್ತು. ನಾನು ನೀರಿಗೆ ಕಾಲಿಡದೆ ತಿರುಗಿದೆ. ತವರಿನ ಮಾನ ಕಾಯುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಮನೆಗೆ ಬಂದು, "ಹೊಳಿ ಭಾಳ ಬಂದದ್ರಿ ಅತ್ತಿ" ಎಂದೆ.

ಅತ್ತೆ ನನ್ನ ಸೀರೆಯ ಒದ್ದೆಯಾಗದ ಅಂಚನ್ನೇ ನೋಡಿದರು. "ಅವ್ವ ಸತ್ತ ಮ್ಯಾಲೆ ಯಾರ ತವರಿನ ಹೊಳಿನೂ ಇಳಿಯಂಗಿಲ್ಲ. ಏಳು, ರೊಟ್ಟಿ ಬಡಿ."