ಎರಡು ಮನೆಗೂ ಒಪ್ಪುವ ಹೋಟೆಲು

ನಮ್ಮ ಮದುವೆ ಆಗಬೇಕೋ ಬೇಡವೋ ಅನ್ನುವುದಕ್ಕಿಂತ, ಅದರ ಮಾತುಕತೆಗೆ ಎರಡು ಮನೆಯವರು ಎಲ್ಲಿ ಕೂತು ಊಟ ಮಾಡಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು.

ನಾನು ಮದುವೆಯಾಗಬೇಕೆಂದಿದ್ದ ಇವರು ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲೇ ಮೇಷ್ಟ್ರಾಗಿದ್ದರು. ಮನೆ ಜಯಲಕ್ಷ್ಮಿಪುರಂನಲ್ಲಿ. ಮೂಲದಲ್ಲಿ ಮೈಸೂರಿನ ಆಚೆಯ ಹಳ್ಳಿಯ ಒಕ್ಕಲು ಮನೆತನ. ತಂದೆ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರ ಮುದ್ದೆ, ಕೋಳಿಸಾರು ಇಲ್ಲದಿದ್ದರೆ ಅವರಿಗೆ ಅದು ಭಾನುವಾರ ಅಂತಲೇ ಅನ್ನಿಸುತ್ತಿರಲಿಲ್ಲ. ನಮ್ಮದು ಲಿಂಗ ಕಟ್ಟುವ ಮನೆ. ದೇವರಾಜ ಮೊಹಲ್ಲಾದಲ್ಲಿ ಅಪ್ಪನ ಪಾತ್ರೆ ಅಂಗಡಿ. ಅಪ್ಪ ಅಮ್ಮ ಇಬ್ಬರೂ ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಪೂಜೆಗೆ ಕೂತು ಎದ್ದ ಮೇಲೇ ಬಾಯಿಗೆ ನೀರು ಹಾಕಿಕೊಳ್ಳುವವರು. ಅಮ್ಮ ಯಾವಾಗಲಾದರೂ ಹೊರಗೆ ದೋಸೆ ತಿಂದದ್ದುಂಟು. ಅಪ್ಪ ಮಠದ ಪ್ರಸಾದ ಬಿಟ್ಟರೆ ಹೊರಗಡೆ ಬಾಳೆಹಣ್ಣು, ಮಜ್ಜಿಗೆಯಲ್ಲೇ ದಿನ ಕಳೆಯುವವರು.

ಇವರ ಮನೆಯವರನ್ನು ನಮ್ಮ ಮನೆಗೆ ಕರೆಯಲು ಅಪ್ಪ ಒಪ್ಪಲಿಲ್ಲ. ಮನೆಗೆ ಕರೆದರೆ ಒಪ್ಪಿಕೊಂಡ ಹಾಗೆ ಅಂದರು. ಅವರ ಮನೆಗೆ ಹೋಗುವ ಮಾತಂತೂ ದೂರವೇ ಉಳಿಯಿತು. ಕೊನೆಗೆ ಹೋಟೆಲ್ ಅಂತ ಆಯಿತು. ಆದರೆ ಯಾವ ಹೋಟೆಲ್? ನಾವಿಬ್ಬರೂ ಒಂದು ವಾರ ಸ್ಟಾಫ್ ರೂಮಿನಲ್ಲಿ ಫೋನ್ ಹಿಡಿದುಕೊಂಡು ಅದನ್ನೇ ಹುಡುಕಿದೆವು. ಮಾರ್ಕೆಟ್ ಹತ್ತಿರದ ಹಳೇ ಹೋಟೆಲುಗಳಲ್ಲಿ ಅಪ್ಪನ ಪರಿಚಯ ಇಲ್ಲದವರೇ ಇಲ್ಲ. ಮಾತು ಮುಗಿಯುವುದರೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಯೂನಿವರ್ಸಿಟಿ ಕಡೆಯ ದರ್ಶಿನಿಗಳಲ್ಲಿ ನಿಂತು ತಿನ್ನಬೇಕು, ಸುತ್ತ ನಮ್ಮ ವಿದ್ಯಾರ್ಥಿಗಳೇ. ಎಲೆ ಹಾಕಿ ಬಡಿಸುವ ಊಟದ ಹೋಟೆಲುಗಳಲ್ಲಿ ರಜೆಯ ದಿನ ಕುರ್ಚಿಯ ಹಿಂದೆಯೇ ಜನ ನಿಂತು ಯಾವಾಗ ಏಳುತ್ತೀರಿ ಅಂತ ನೋಡುತ್ತಿರುತ್ತಾರೆ. ಅಲ್ಲಿ ಮದುವೆ ಮಾತು ಹೇಗೆ ಆಡುವುದು?

ಹೀಗಾಗಿ ಯಾದವಗಿರಿಯಲ್ಲಿ ಹಳೇ ಬಂಗಲೆಯೊಂದನ್ನು ಹೋಟೆಲ್ ಮಾಡಿದ್ದ ಜಾಗವನ್ನು ಗೊತ್ತು ಮಾಡಿದೆವು. ಮರದ ನೆರಳು, ಮೇಜುಗಳ ನಡುವೆ ದೂರ, ಗಲಾಟೆ ಇಲ್ಲ. ಒಂದೇ ತೊಡಕೆಂದರೆ ಅಲ್ಲಿ ಎರಡೂ ಥರದ ಅಡುಗೆ ಸಿಗುತ್ತಿತ್ತು. ಅಡುಗೆಮನೆ ಬೇರೆ ಬೇರೆ ಅಂತ ಇವರು ಹೋಗಿ ಕೇಳಿಕೊಂಡು ಬಂದರು. ನಮ್ಮ ಮೇಜಿಗೆ ಬರೀ ಸಸ್ಯಾಹಾರ ಅಂತ ಇವರ ತಂದೆಯ ಹತ್ತಿರ ಮಾತು ತೆಗೆದುಕೊಂಡೆವು. ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತದೆ, "ನಾನೇನು ತಿನ್ನೋದಿಲ್ವಲ್ಲ, ಎಲ್ಲಾದ್ರೂ ಸರಿ" ಅಂದರು.

ಭೇಟಿಯ ದಿನ ಮಧ್ಯಾಹ್ನ ನಾವು ಹೋಗುವಷ್ಟರಲ್ಲಿ ಇವರ ಮನೆಯವರು ಬಂದು ಕೂತಿದ್ದರು. ಇವರ ತಾಯಿ ಎದ್ದು ನಿಂತು ಕೈ ಮುಗಿದರು. ಅಮ್ಮನೂ ಮುಗಿದಳು. ಗಂಡಸರಿಬ್ಬರೂ ಬಿಸಿಲಿನ ಬಗ್ಗೆ, ರಸ್ತೆ ಅಗೆದಿರುವುದರ ಬಗ್ಗೆ ನಾಲ್ಕು ಮಾತಾಡಿದರು. ಇವರ ತಾಯಿ ಅಮ್ಮನ ಸೀರೆಯ ಅಂಚು ಚೆನ್ನಾಗಿದೆ ಅಂದರು. ಅಮ್ಮ ಹೂಂ ಅಂದಳು, ಅಷ್ಟೇ.

ಆರ್ಡರ್ ತೆಗೆದುಕೊಳ್ಳಲು ಬಂದವರಿಗೆ ಇವರು ಎಲ್ಲರಿಗೂ ಸ್ವೀಟ್ ಕಾರ್ನ್ ಸೂಪ್ ಹೇಳಿದರು. ಅಪ್ಪ ತಮಗೆ ಮಜ್ಜಿಗೆ ಸಾಕು ಅಂದರು. ಅಷ್ಟರಲ್ಲಿ ಇವರ ತಂದೆ ಕೆಮ್ಮಿ, "ನಂಗೆ ಗಂಟ್ಲು ಕಟ್ಬುಟ್ಟದೆ ಕಣಪ್ಪ. ಒಂದು ಚಿಕನ್ ಸೂಪ್ ಮಾಡ್ಬುಡಿ" ಅಂದರು.

ಅದು ಬೇಕೆಂದೇ ಹೇಳಿದ್ದೋ, ನಿಜವಾಗಿಯೂ ಗಂಟಲು ಕಟ್ಟಿತ್ತೋ, ಇವತ್ತಿಗೂ ನನಗೆ ತಿಳಿದಿಲ್ಲ. ಇವರ ಮುಖ ಸಪ್ಪಗಾಯಿತು. ಇವರ ತಾಯಿ ಗಂಡನ ಕಡೆ ಒಂದು ನೋಟ ಬೀರಿದರು. ಅಪ್ಪ ತಮ್ಮ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು.

ಸೂಪ್ ಬಂತು. ಎಲ್ಲವೂ ಒಂದೇ ಥರದ ಬಟ್ಟಲು, ಒಂದೇ ಬಣ್ಣ, ಮೇಲೆ ಒಂದಿಷ್ಟು ಈರುಳ್ಳಿ ಸೊಪ್ಪು. ತಂದವನು ಮೇಜಿನ ಸುತ್ತ ಇಟ್ಟುಕೊಂಡು ಹೋದ. ಅಮ್ಮ ಎರಡನೇ ಸಲ ಚಮಚ ಬಾಯಿಗಿಟ್ಟುಕೊಂಡಾಗ ಅವಳ ದವಡೆ ನಿಂತುಹೋಯಿತು. ಏನೋ ಹಲ್ಲಿಗೆ ಸಿಕ್ಕಿತ್ತು. ಅವಳು ಮುಖ ಎತ್ತಿ ನನ್ನ ಕಡೆ ನೋಡಿದಳು. ಏನೂ ಕೇಳದ ನೋಟ ಅದು. ಅವಳಿಗೆ ಗೊತ್ತಾಗಿತ್ತು, ನನಗೂ ಗೊತ್ತಾಯಿತು. ಬಟ್ಟಲು ಅದಲುಬದಲಾಗಿತ್ತು.

ಅದೇ ಹೊತ್ತಿಗೆ ಆ ಕಡೆ ಇವರ ತಂದೆ ತಮ್ಮ ಬಟ್ಟಲನ್ನು ಚಮಚದಿಂದ ತಿರುವಿ ತಿರುವಿ ನೋಡುತ್ತಿದ್ದರು. "ಇದೇನ್ಲಾ, ಇದ್ರಲ್ಲಿ..." ಅಂತ ಬಾಯಿ ತೆಗೆದು ಮಾಣಿಯನ್ನು ಕರೆಯಲು ಕೈ ಎತ್ತಿದರು. ಅವರು ಇನ್ನೊಂದು ಮಾತು ಆಡಿದ್ದರೆ ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಿದ್ದರು. ಇವರ ತಾಯಿ ಗಂಡನ ಬಟ್ಟಲನ್ನು ನೋಡಿದರು, ನಮ್ಮಮ್ಮನ ಮುಖ ನೋಡಿದರು. ಗಂಡನ ಎತ್ತಿದ ಕೈಯನ್ನು ಹಿಡಿದು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಬಿಸಿ ಆರೋಗ್ತದೆ. ಸುಮ್ನೆ ಕುಡೀರಿ."

ಅವರು ಹೆಂಡತಿಯ ಮುಖ ನೋಡಿ ಏನು ಅರ್ಥ ಮಾಡಿಕೊಂಡರೋ, ಸುಮ್ಮನೆ ಕುಡಿದರು.

ಆಮೇಲೆ ಇವರ ತಾಯಿ ಎದ್ದು, "ಇಲ್ಲಿ ಕೈ ತೊಳಿಯೋದು ಎಲ್ಲೋ ಕಾಣೆ. ಬನ್ನಿ ನೋಡ್ಕೊಂಡ್ ಬರಾಣ" ಅಂತ ಅಮ್ಮನ ತೋಳು ಹಿಡಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಎದ್ದಳು. ಅಪ್ಪನ ಕಣ್ಣು ಅಮ್ಮನ ಬಟ್ಟಲಿನ ಮೇಲಿತ್ತು. "ಇವಳು ಕುಡೀಲೇ ಇಲ್ವಲ್ಲ" ಅಂದರು. ನಾನು ಬಟ್ಟಲನ್ನು ನನ್ನ ಕಡೆ ಎಳೆದುಕೊಂಡು, "ಅಮ್ಮಂಗೆ ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ" ಅಂದೆ. ಬಟ್ಟಲನ್ನು ತೆಗೆಸಿ, ನೋಡಿಕೊಂಡು ಬರುತ್ತೇನೆ ಅಂತ ನಾನೂ ಎದ್ದೆ.

ಒಳಗೆ ಅಮ್ಮ ಬೇಸಿನ್ನಿಗೆ ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದಳು. ಮತ್ತೆ ಮತ್ತೆ ಮುಕ್ಕಳಿಸುತ್ತಲೇ ಇದ್ದಳು. ಕೊರಳ ಕರಡಿಗೆ ನೀರಿಗೆ ತಾಗದಂತೆ ಒಂದು ಕೈಯಲ್ಲಿ ಎದೆಗೆ ಒತ್ತಿಹಿಡಿದಿದ್ದಳು. ಇವರ ತಾಯಿ ಅವಳ ಬೆನ್ನು ಸವರುತ್ತಿದ್ದರು.

"ನಮ್ಮಿಂದ ಆಯ್ತು ಕಣ್ರೀ. ಅದ್ನ ತರಿಸ್ಲೇಬಾರ್ದಿತ್ತು ಇವ್ರು."

ಅಮ್ಮ ಮುಖ ಒರೆಸಿಕೊಂಡಳು. ಕಣ್ಣು ಕೆಂಪಾಗಿತ್ತು. "ನಮ್ಮನೆಯವರಿಗೆ ಹೇಳ್ಬೇಡಿ" ಅಂದಳು. "ಈಗ ಹೇಳಿದ್ರೆ ಇಲ್ಲಿಗೇ ಮುಗಿದುಹೋಗುತ್ತೆ. ಅವರಿಗೆ ನಾನೇ ಹೇಳ್ತೀನಿ, ಮನೇಲಿ."

"ನಾನ್ಯಾಕ್ ಹೇಳ್ಲಿ? ನನ್ ಮಗನೂ ಅಲ್ಲೇ ಕೂತವ್ನೆ."

ಮೂವರೂ ವಾಪಸ್ಸು ಬಂದು ಕೂತೆವು. ಅಮ್ಮ ಅನ್ನ ಮೊಸರು ಮುಂದಿಟ್ಟುಕೊಂಡು ಕಲಸಿದಳು, ಒಂದು ಅಗುಳೂ ಬಾಯಿಗೆ ಹೋಗಲಿಲ್ಲ. ಅದು ಅಪ್ಪನ ಕಣ್ಣಿಗೆ ಬೀಳದಿರಲೆಂದು ಇವರ ತಾಯಿ ಅಪ್ಪನ ಹತ್ತಿರ ಮಾತಿಗೆ ಮಾತು ಸೇರಿಸುತ್ತಾ ಹೋದರು. ಅಂಗಡಿ ಹೇಗೆ ನಡೆಯುತ್ತೆ, ಹಿತ್ತಾಳೆಗೆ ಈಗ ಗಿರಾಕಿ ಇದ್ದಾರಾ ಅಂತ ಕೇಳಿದರು. ಅಪ್ಪ ಮೊದಮೊದಲು ಒಂದೇ ಮಾತಿನಲ್ಲಿ, ಆಮೇಲೆ ಸ್ವಲ್ಪ ಉದ್ದವಾಗಿ ಉತ್ತರ ಕೊಟ್ಟರು. ಏಳುವಾಗ, "ಯೋಚನೆ ಮಾಡಿ ತಿಳಿಸ್ತೀವಿ" ಅಂದರು.

ಆ ಸಂಜೆ ಅಮ್ಮ ಪೂಜೆಗೆ ಕೂರಲಿಲ್ಲ. ಅಪ್ಪ ಮಣೆ ಹಾಕಿಕೊಂಡು ಕಾಯುತ್ತಾ, "ಯಾಕೆ?" ಅಂದರು. ಅಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಅಪ್ಪ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಒಬ್ಬರೇ ಪೂಜೆ ಮುಗಿಸಿ, ಊಟ ಮಾಡದೆ ಮಲಗಿದರು.

ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು. ಅಪ್ಪ ನನ್ನ ಹತ್ತಿರವೂ ಮಾತಾಡಲಿಲ್ಲ, ಅಮ್ಮನ ಹತ್ತಿರವೂ ಮಾತಾಡಲಿಲ್ಲ. ಅಮ್ಮ ಲಿಂಗವನ್ನು ಕೈಯಲ್ಲಿ ತೆಗೆದುಕೊಳ್ಳಲು ಹೆದರಿ, ಬೆಳಿಗ್ಗೆ ಬರೀ ವಿಭೂತಿ ಹಚ್ಚಿಕೊಂಡು ಕೆಲಸಕ್ಕೆ ತೊಡಗುತ್ತಿದ್ದಳು. ಕೊನೆಗೆ ನಾನೇ ಅವಳನ್ನು ಮಠಕ್ಕೆ ಕರೆದುಕೊಂಡು ಹೋದೆ. ಸ್ವಾಮಿಗಳು ಪೂರ್ತಿ ಕೇಳಿಸಿಕೊಂಡು, "ಗೊತ್ತಿಲ್ಲದೆ ಬಾಯಿಗೆ ಬಂದದ್ದು ತಾಯಿ. ಮನಸ್ಸಿಗೆ ಹಚ್ಚಿಕೋಬೇಡಿ. ನಾಳೆ ಎಂದಿನ ಹಾಗೆ ಪೂಜೆಗೆ ಕೂತ್ಕೊಳ್ಳಿ" ಅಂದರು. ಅಮ್ಮ ಅಲ್ಲೇ ಕಂಬಕ್ಕೆ ಒರಗಿ ತುಂಬ ಹೊತ್ತು ಅತ್ತಳು. ಮಾರನೇ ದಿನ ಪೂಜೆಗೆ ಕೂತಳು. ಅಪ್ಪ ಪಕ್ಕದಲ್ಲೇ ಕೂತಿದ್ದರೂ ಅವಳ ಕಡೆ ತಿರುಗಲಿಲ್ಲ.

ಇವರಿಗೆ ನಾನು ಫೋನಿನಲ್ಲಿ ಎಲ್ಲ ಹೇಳಿದ್ದೆ. ಇವರು ತಮ್ಮ ತಾಯಿಗೆ ಹೇಳಿದ್ದರು. ಒಂದು ರಜೆಯ ದಿನ ನಾನು ಅಂಗಡಿಯಲ್ಲಿದ್ದೆ. ಇವರ ತಾಯಿ ಒಬ್ಬರೇ ಆಟೋದಲ್ಲಿ ಬಂದಿಳಿದು ನೇರವಾಗಿ ಅಪ್ಪನ ಎದುರಿಗೆ ನಿಂತರು. ಅಪ್ಪ ಗಾಬರಿಯಾಗಿ ಸ್ಟೂಲು ಸರಿಸಿದರು. ಅವರು ಕೂರಲಿಲ್ಲ.

"ಆವತ್ತು ಗೊತ್ತಾಗಿಯೂ ಬಾಯಿ ಮುಚ್ಕೊಂಡಿದ್ದು ನಾನು. ಬೈಯೋದಿದ್ರೆ ನನ್ನ ಬೈರಿ. ನಿಮ್ಮನೆಯವ್ರ ಮೇಲೆ ಯಾಕೆ ಮುನಿಸು?"

ಅಪ್ಪ ಒರೆಸುತ್ತಿದ್ದ ಚೊಂಬನ್ನು ಪಕ್ಕಕ್ಕಿಟ್ಟರು. "ಬೈಯೋದೇನಿಲ್ಲಮ್ಮ. ನಿಮ್ಮನೆಯವರು ತರಿಸಿದ್ದಕ್ಕೂ ನನಗೆ ಸಿಟ್ಟಿಲ್ಲ. ನಮ್ಮನೆಯವಳು ಅಷ್ಟು ಸಂಕಟ ಪಡ್ತಾ ನನ್ನ ಪಕ್ಕದಲ್ಲೇ ಕೂತಿದ್ದಳಲ್ಲ. ನನಗೆ ಹೇಳಿದ್ರೆ ನಾನು ಎದ್ದು ಹೋಗ್ತೀನಿ ಅಂತ ನೀವೆಲ್ಲ ತೀರ್ಮಾನ ಮಾಡಿಬಿಟ್ರಿ. ಅದೇ ನನಗೆ ನೋವು."

"ಹೋಗ್ತಿರ್ಲಿಲ್ವಾ ನೀವು?"

ಅಪ್ಪ ಚೊಂಬನ್ನು ಮತ್ತೆ ಎತ್ತಿಕೊಂಡು ಒರೆಸತೊಡಗಿದರು. ಗಿರಾಕಿಯೊಬ್ಬರು ಕುಕ್ಕರ್ ಬೆಲೆ ಕೇಳಿದರು, ಅಪ್ಪ ತಲೆ ಎತ್ತಲಿಲ್ಲ.

"ಹೋಗ್ತಿದ್ದೆ" ಅಂದರು ಕೊನೆಗೆ.

ಇವರ ತಾಯಿ ಆಗ ಸ್ಟೂಲಿನ ಮೇಲೆ ಕೂತರು. ಅಪ್ಪ ನನ್ನ ಕಡೆ ತಿರುಗಿ, ಎಷ್ಟೋ ದಿನಗಳಾದ ಮೇಲೆ ಮೊದಲ ಸಲ ನನ್ನ ಹತ್ತಿರ ಮಾತಾಡಿದರು. "ಅಮ್ಮಂಗೆ ಫೋನ್ ಮಾಡು. ಇವರನ್ನ ಮನೆಗೆ ಕರ್ಕೊಂಡ್ ಹೋಗು. ಮದುವೆ ಮಾತು ಅಂಗಡೀಲಿ ಆಡೋದು ಬೇಡ."

ಮದುವೆ ಆಯಿತು. ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅಪ್ಪ ನಮ್ಮ ಮನೆಗೆ ಬಂದರೆ ಇವತ್ತಿಗೂ ಹಣ್ಣು, ನೀರು ಅಷ್ಟೇ. ಅಮ್ಮ ಬಂದರೆ ಅತ್ತೆ ಬೇರೆ ಪಾತ್ರೆ ತೆಗೆದು ಉಪ್ಪಿಟ್ಟು ಮಾಡುತ್ತಾರೆ, ಅಮ್ಮ ತಿನ್ನುತ್ತಾಳೆ. ಎಲ್ಲರೂ ಒಟ್ಟಿಗೆ ಹೊರಗೆ ಹೋಗೋಣ ಅಂದರೆ ಸಾಕು, ಯಾವ ಹೋಟೆಲ್ ಅನ್ನುವ ಚರ್ಚೆ ಮತ್ತೆ ಶುರುವಾಗಿ ಒಬ್ಬರಾದರೂ ಮುಖ ಊದಿಸಿಕೊಳ್ಳುತ್ತಾರೆ. ಮೊನ್ನೆ ಭಾನುವಾರ ಮಾರ್ಕೆಟ್ ಹತ್ತಿರದ ಸಸ್ಯಾಹಾರಿ ಹೋಟೆಲಿಗೆ ಹೋಗಿದ್ದೆವು. ಮಾವ ಗೊಣಗದೆ ಪೂರಿ ಸಾಗು ತಿಂದರು. ಅಪ್ಪ ಎದುರಿಗೆ ಕೂತು ಅವರು ತಿಂದು ಮುಗಿಸುವ ತನಕ ಕಾದರು. ಆಮೇಲೆ ಗಲ್ಲಾದ ಹತ್ತಿರ ನಿಂತಿದ್ದ ಪರಿಚಯದವರನ್ನು ಕರೆದು, "ಇವರು ನಮ್ಮ ಬೀಗರು" ಅಂದರು.